ಒಂದೇ ಕಿವಿಗೆ ಪೂರ್ತಿ ಹಾಡು

ಜನವರಿ 6, ಸೋಮವಾರ

ಸೂಜಿ ಎರಡೂ ಒಂದೇ ಸಲಕ್ಕೆ ಸಿಕ್ಕವು. ಸಿಸ್ಟರ್ ಇವತ್ತು ಒಳ್ಳೆಯ ಮೂಡಿನಲ್ಲಿದ್ದಾರೆ. ಎಡಗೈ ಕುರ್ಚಿಯ ಹಿಡಿಯ ಮೇಲೆ, ಅಂಗೈ ಮೇಲೆ ಮಾಡಿ. ಇನ್ನು ನಾಲ್ಕು ಗಂಟೆ ಆ ಕೈ ನನ್ನದಲ್ಲ, ಡಯಾಲಿಸಿಸ್ ಮಿಷಿನ್ನಿನದು. ರಕ್ತ ಒಂದು ಕೊಳವೆಯಲ್ಲಿ ಹೋಗಿ, ತೊಳೆದುಕೊಂಡು, ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಸೋಮವಾರ, ಬುಧವಾರ, ಶುಕ್ರವಾರ. ಖಾಲಿ ಇರುವುದು ಬಲಗೈ ಒಂದೇ. ಬರೆಯುವುದು, ಮೂಗು ಒರೆಸಿಕೊಳ್ಳುವುದು, ಸೊಳ್ಳೆ ಹೊಡೆಯುವುದು, ಎಲ್ಲ ಅದರದೇ ಡ್ಯೂಟಿ.

ಪಕ್ಕದ ಕುರ್ಚಿಯ ಬಡಗಿ ಯಜಮಾನರು ಆಗಲೇ ಗೊರಕೆ. ಮೂಲೆಯಲ್ಲಿ ಟೀವಿ ಇದೆ, ಸೌಂಡ್ ಇಲ್ಲ. ಫೋನ್ ಒಳಗೆ ತರುವಂತಿಲ್ಲ. ಯಾರೋ ಇಲ್ಲಿ ಕೂತು ಫೋನಿನಲ್ಲಿ ಯಾರನ್ನೋ ಬೈದು, ಬಿ.ಪಿ. ಏರಿಸಿಕೊಂಡು, ದೊಡ್ಡ ರಾದ್ಧಾಂತವಾದ ಮೇಲೆ ಈ ರೂಲು.

ತಮ್ಮ ಒಂದು ಚೀಲ ತಂದ. ಅವನದು ರೇಡಿಯೋ, ಇಯರ್‌ಫೋನ್ ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿ. ಗೋಡೆ ತುಂಬ ಮ್ಯೂಸಿಕ್ ಪ್ಲೇಯರ್‌ಗಳು ಧೂಳು ತಿನ್ನುತ್ತ ನೇತಾಡುತ್ತಿವೆ.

"ಫೋನ್ ಬಂದ್ಮೇಲೆ ಇವನ್ನ ಮೂಸಿ ನೋಡೋರಿಲ್ಲ. ಒಂದೊಂದೇ ಕೇಳಿ ಹೇಳು ಅಕ್ಕ, ಯಾವುದು ಚೆನ್ನಾಗಿದೆ ಅಂತ."

"ನಾನ್ಯಾಕೆ?"

"ಅಷ್ಟು ವರ್ಷ ಬಸ್‌ಸ್ಟ್ಯಾಂಡಲ್ಲಿ ಮೈಕ್ ಹಿಡ್ಕೊಂಡು ಬಸ್ ಕೂಗಿದ್ದೀಯ. ನಿನ್ನ ಕಿವಿಗಿಂತ ಕಿವಿ ಎಲ್ಲಿದೆ?"

ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ. ಆದರೂ ಖುಷಿಯಾಯಿತು.

ಚೀಲ ಯಾಕೆ ಬಂತು ಎಂದು ಗೊತ್ತಿದೆ. ಹೋದ ವಾರ ಜಗಳವಾಗಿತ್ತು. ಅವನು ತನ್ನ ಒಂದು ಕಿಡ್ನಿ ನನಗೆ ಕೊಡುತ್ತೇನೆ ಎನ್ನುತ್ತಾನೆ. ನಾನು ಬೇಡ ಎನ್ನುತ್ತೇನೆ. ದೊಡ್ಡ ಮನಸ್ಸಿನಿಂದಲ್ಲ... ನನ್ನ ಕಾಯಿಲೆ ವಂಶದ್ದು. ಕಿಡ್ನಿ ತುಂಬ ನೀರುಗುಳ್ಳೆ. ಅಪ್ಪ ಹೋದದ್ದೂ ಇದರಿಂದಲೇ ಇರಬೇಕು, ಆಗ 'ಊತ' ಎಂದಷ್ಟೇ ಹೇಳುತ್ತಿದ್ದರು. ಡಾಕ್ಟರು ನೇರವಾಗಿ ಹೇಳಿದ್ದಾರೆ. "ತಮ್ಮ ಕೊಡ್ಬೇಕಾದ್ರೆ ಮೊದ್ಲು ಅವರಿಗೆ ಸ್ಕ್ಯಾನ್ ಆಗ್ಬೇಕು. ಅವರಿಗೂ ಇರೋ ಚಾನ್ಸ್ ಅರ್ಧಕ್ಕರ್ಧ."

ಸ್ಕ್ಯಾನ್ ಮಾಡಿಸದಷ್ಟು ದಿನ ಅವನು ಚೆನ್ನಾಗಿದ್ದಾನೆ. ಅಷ್ಟೇ ನನಗೆ ಬೇಕಾದದ್ದು. ಅವನಿಗೆ ಅದನ್ನು ಹೇಳಿಲ್ಲ. ಅವನಿಗೂ ಗೊತ್ತಿದೆ. ಸ್ಕ್ಯಾನ್ ಎಂಬ ಮಾತು ಬಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೊಂಟ ಸವರಿಕೊಳ್ಳುತ್ತಾನೆ.

ಸಿಸ್ಟರ್ ಬಂದರು. ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವವರೆಗೆ ಬಲಗೈಯಿಂದ ಒತ್ತಿ ಹಿಡಿಯಬೇಕು. ಪೆನ್ನು ಬಿಡಬೇಕು —

ಜನವರಿ 8, ಬುಧವಾರ

ಮೊದಲನೆಯದು. ಗುಂಡಿಯೇ ಇಲ್ಲ, ಪೂರ್ತಿ ಟಚ್ ಸ್ಕ್ರೀನು. ಸ್ಲೇಟು ಎಂದು ಹೆಸರಿಟ್ಟೆ.

ಸೌಂಡ್... ಏನೆಂದು ಹೇಳಲಿ. ಕೊಳಲು ನುಡಿಸುವವನು ಉಸಿರೆಳೆದುಕೊಂಡದ್ದೂ ಕೇಳಿಸಿತು. ಮಿಷಿನ್ನಿನ ಗೊರಗೊರ ಹಿಂದಕ್ಕೆ ಸರಿಯಿತು. ಸ್ವಲ್ಪ ಹೊತ್ತು ನಾನು ಈ ಕೋಣೆಯಲ್ಲೇ ಇರಲಿಲ್ಲ.

ವಾಲ್ಯೂಮ್ ಕಡಿಮೆ ಮಾಡೋಣವೆಂದು ಹೋದೆ. ಸ್ಕ್ರೀನ್ ಆರಿತ್ತು. ಹಿಡಿದ ಕೈಯ ಹೆಬ್ಬೆರಳಲ್ಲೇ ಅದನ್ನು ಎಬ್ಬಿಸಿ, ಲಾಕ್ ತೆಗೆದು, ಗೆರೆ ಎಳೆದು... ಜಾರಿತು. ಹೊದಿಕೆಯ ಮೇಲಿಂದ ಉರುಳಿತು. ಹಿಡಿಯಲು ಎಡಗೈ ತಾನಾಗಿ ಎದ್ದೇ ಬಿಟ್ಟಿತು. ಮಿಷಿನ್ ಕಿರುಚಿಕೊಂಡಿತು.

"ಅದು ಬಿದ್ರೆ ಇನ್ನೊಂದು ಬರತ್ತೆ. ಸೂಜಿ ಕಿತ್ತು ಬಂದ್ರೆ ಏನ್ರೀ ಮಾಡ್ತೀರಾ?" ಎಂದು ಸಿಸ್ಟರ್ ಬೈದರು. ಬೈದದ್ದು ಸರಿ.

ಬಡಗಿ ಯಜಮಾನರು ಎದ್ದರು. "ಹಾಡ್ಬೇಕು, ನಿಲ್ಲು ಅಂದ್ರೆ ನಿಲ್ಬೇಕು. ಇನ್ನೇನಮ್ಮ ಬೇಕು ಅದಕ್ಕೆ?" ಮತ್ತೆ ಮಲಗಿದರು.

ಸ್ಲೇಟು: ಕಿವಿಗೆ ಫಸ್ಟ್ ಕ್ಲಾಸ್, ಕೈಗೆ ಫೇಲ್.

ಜನವರಿ 13, ಸೋಮವಾರ. ಬೆಳಿಗ್ಗೆ, ಮನೆ

ಎದ್ದೊಡನೆ ಮೊದಲ ಕೆಲಸ, ಎಡಗೈ ಮಣಿಕಟ್ಟನ್ನು ಕಿವಿಗೆ ಇಟ್ಟುಕೊಳ್ಳುವುದು. ಸೂಜಿಗೆ ಅನುಕೂಲವಾಗಲೆಂದು ಅಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ. ಫಿಸ್ಟುಲಾ ಅನ್ನುತ್ತಾರೆ. ರಕ್ತ ರಭಸವಾಗಿ ಓಡಿ ಸದ್ದು ಬರುತ್ತದೆ. ಬೆಕ್ಕು ಮಡಿಲಲ್ಲಿ ಮಲಗಿ ಗುರ್ ಅನ್ನುವ ಹಾಗೆ. ಆ ಸದ್ದು ಇದ್ದರೆ ಕೈ ಇದೆ. ಕೈ ಇದ್ದರೆ ಡಯಾಲಿಸಿಸ್ ಇದೆ. ಮುಂದಿನದು ಬರೆಯಬೇಕಾಗಿಲ್ಲ.

ಅದಕ್ಕೇ ಆ ಕೈಗೆ ವಾಚ್ ಇಲ್ಲ, ಬಳೆ ಇಲ್ಲ, ಬಿ.ಪಿ. ನೋಡುವ ಪಟ್ಟಿ ಇಲ್ಲ, ಬಿಗಿ ತೋಳಿನ ಬ್ಲೌಸ್ ಇಲ್ಲ. ಮಹಾರಾಣಿ ಕೈ.

ಪುಟ್ಟಿಯೂ ಕಿವಿ ಇಡುತ್ತಾಳೆ. ತಮ್ಮನ ಮಗಳು, ಒಂದನೇ ಕ್ಲಾಸು. "ಅತ್ತೆ, ಇವತ್ತು ಬೆಕ್ಕು ಹಾಲು ಕುಡಿದಿದೆ" ಎಂದಳು. ಹಾಗೆಂದರೆ ಸದ್ದು ಜೋರಾಗಿದೆ ಎಂದರ್ಥ.

ಮಧ್ಯಾಹ್ನ, ಕುರ್ಚಿಯಲ್ಲಿ

ಎರಡನೆಯದು ಕ್ಲಿಪ್ಪು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಸೆರಗಿಗೆ ಸಿಕ್ಕಿಸಬಹುದು. ಬೀಳುವ ಭಯವಿಲ್ಲ. ಆದರೆ ಸೌಂಡು... ತಗಡಿನ ಡಬ್ಬಿಯೊಳಗೆ ಕೂತು ಯಾರೋ ಹಾಡುತ್ತಿದ್ದಾರೆ. ಹಾಡಿಗೂ ಹಾಡಿಗೂ ನಡುವೆ ಸೊಂಯ್ ಅಂತ ಗಾಳಿ. ಬಡಗಿ ಯಜಮಾನರಿಗೆ ಒಂದು ಕಿವಿ ಕೊಟ್ಟೆ. "ಟೊಳ್ಳು" ಎಂದು ವಾಪಸ್ ಕೊಟ್ಟರು. ಮರ ತಟ್ಟಿ ನೋಡಿದವರಲ್ಲವೇ.

ತಮ್ಮ ಬಂದಾಗ, ಸ್ಲೇಟಿಗಿಂತ ಇದು ಎಷ್ಟೋ ಕೆಳಗೆ ಎಂದೆ.

"ವಾಲ್ಯೂಮ್ ಸಮ ಮಾಡಿ ಕೇಳಿದ್ಯಾ?"

"ಇಲ್ಲ."

"ಮತ್ತೆ? ಜೋರಾಗಿರೋದು ಯಾವಾಗ್ಲೂ ಚೆನ್ನಾಗಿರೋ ಹಾಗೆ ಕೇಳಿಸತ್ತೆ ಅಕ್ಕ. ಕಿವಿ ಮೋಸ ಹೋಗತ್ತೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಆಮೇಲೆ ತೀರ್ಪು ಕೊಡು."

ಸರಿ ಮಾಡಿಕೊಂಡು ಕೇಳಿದೆ. ಆಗಲೂ ಟೊಳ್ಳೇ. ಆದರೆ ಅವನು ಹೇಳಿದ್ದು ನಿಜ. ಮನೆಯಲ್ಲಿ ಜೋರಾಗಿ ಮಾತಾಡುವವಳು ನಾನು. ಅವನು 'ಕೊಡ್ತೀನಿ' ಎನ್ನುವುದು ಮೆಲ್ಲಗೆ. ನಾನು 'ಬೇಡ' ಎನ್ನುವುದು ಗಟ್ಟಿಯಾಗಿ. ಅದಕ್ಕೇ ನನ್ನದೇ ಸರಿ ಅಂತ ಎಲ್ಲರಿಗೂ ಅನ್ನಿಸುತ್ತಿದೆಯೋ ಏನೋ.

ಜನವರಿ 17, ಶುಕ್ರವಾರ

ಮೂರನೆಯದು ಇಟ್ಟಿಗೆ. ಕಬ್ಬಿಣದ ಮೈ. ಪಕ್ಕದಲ್ಲಿ ತಿರುಗಿಸುವ ದೊಡ್ಡ ವಾಲ್ಯೂಮ್ ತಿರುಪು, ಹಳೇ ರೇಡಿಯೋದ ಹಾಗೆ. ಸ್ಲೇಟನ್ನೂ ಮೀರಿಸಿದ ಸೌಂಡು. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಟ್ಟೆಯ ಮೇಲೆ ಇಟ್ಟುಕೊಂಡರೆ ಇಸ್ತ್ರಿಪೆಟ್ಟಿಗೆಯ ಹಾಗೆ ಬಿಸಿ, ಎದೆಯ ಮೇಲೆ ಇಟ್ಟುಕೊಂಡರೆ ಉಸಿರು ಕಷ್ಟ. ಎರಡು ಗಂಟೆಗೆ ಬ್ಯಾಟರಿ ಗೋವಿಂದ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ಇನ್ನೊಂದು ತೊಂದರೆ. ಎರಡೂ ಕಿವಿಗೆ ಹಾಕಿಕೊಳ್ಳುವಂತಿಲ್ಲ. ಮಿಷಿನ್ನಿನ ಅಲಾರಂ, ಸಿಸ್ಟರ್ ಕರೆಯುವುದು ಕೇಳಬೇಕು. ಒಂದೇ ಕಿವಿಗೆ ಹಾಕಿಕೊಂಡರೆ ಅರ್ಧ ಹಾಡು ಇಲ್ಲ. ಇವತ್ತು ದನಿ ಇದೆ, ತಬಲಾ ಮಾಯ. ಕಿವಿ ಬದಲಾಯಿಸಿದರೆ ತಬಲಾ ಇದೆ, ದನಿ ಎಲ್ಲೋ ಪಕ್ಕದ ಮನೆಯಲ್ಲಿ.

ತಮ್ಮನಿಗೆ ಹೇಳಿದೆ. "ಹೌದಲ್ವಾ" ಎಂದು ಸುಮ್ಮನೆ ಹೋದ.

ಜನವರಿ 24, ಶುಕ್ರವಾರ

ತಮ್ಮ ಒಂದು ಮೋಟು ವಯರು ತಂದ. ತಾನೇ ಬೆಸುಗೆ ಹಾಕಿದ್ದಾನೆ. ಒಂದು ಬೆರಳು ಸುಟ್ಟುಕೊಂಡಿದ್ದಾನೆ.

"ಎಡದ್ದು ಬಲದ್ದು ಎರಡನ್ನೂ ಒಳಗೇ ಸೇರಿಸಿದ್ದೀನಿ. ಯಾವ ಕಿವಿಗೆ ಹಾಕ್ಕೊಂಡ್ರೂ ಪೂರ್ತಿ ಹಾಡು."

ಹಾಕಿ ನೋಡಿದೆ. ದನಿ, ತಬಲಾ, ಕೊಳಲು, ಎಲ್ಲ ಒಂದೇ ಕಿವಿಯಲ್ಲಿ ಒತ್ತೊತ್ತಾಗಿ ಕೂತಿವೆ. ಹಬ್ಬಿಕೊಂಡಿದ್ದ ವೈಭವ ಇಲ್ಲ. ಆದರೆ ಯಾರೂ ಹೊರಗೆ ಉಳಿದಿಲ್ಲ.

ಇದರ ಜೊತೆಗೆ ನಾಲ್ಕನೆಯ ಪ್ಲೇಯರ್ರು. ಹಳೇ ಮಾಡೆಲ್ಲು, ಐದು ಉಬ್ಬು ಗುಂಡಿ. ನಡುವಿನದರ ಮೇಲೆ ಒಂದು ಚುಕ್ಕೆ, ಬೆರಳಿಗೆ ತಾಗುತ್ತದೆ. ಸುಮ್ಮನೆ ಗುಂಡಿ ಎಂದೇ ಕರೆದೆ. ಹೊದಿಕೆಯೊಳಗೆ, ಕಣ್ಣು ಮುಚ್ಚಿಕೊಂಡು, ಬಲಗೈ ಹೆಬ್ಬೆರಳೊಂದರಲ್ಲೇ ಹಾಡು ಬದಲಾಯಿಸಿದೆ, ನಿಲ್ಲಿಸಿದೆ, ಹಿಂದಕ್ಕೆ ಹೋದೆ. ಎಡಗೈಗೆ ಸುದ್ದಿಯೇ ಮುಟ್ಟಲಿಲ್ಲ.

ಸೌಂಡು? ಸ್ಲೇಟಿನ ಮುಂದೆ ಬಡವ. ಕೊಳಲಿನವನ ಉಸಿರು ಕೇಳಿಸುವುದಿಲ್ಲ. ಆದರೆ ಮಾತು ಸ್ಪಷ್ಟ. ಡಿಪೋದವರು ರೆಕಾರ್ಡ್ ಮಾಡಿಟ್ಟುಕೊಂಡಿರುವ ನನ್ನದೇ ಅನೌನ್ಸ್‌ಮೆಂಟು ಹಾಕಿ ನೋಡಿದೆ. ಗದ್ದಲದಲ್ಲಿ ಮಾತಿನ ಅಂಚು ಒಡೆಯಬಾರದು, ಅದು ನನ್ನ ಪರೀಕ್ಷೆ. ಒಡೆಯಲಿಲ್ಲ. ನಾನಿಲ್ಲದಿದ್ದರೂ ಅಲ್ಲಿ ನಾನು ದಿನವೂ ಬಸ್ ಕೂಗುತ್ತಿದ್ದೇನೆ. ದನಿ ಎಷ್ಟು ಗಟ್ಟಿ ಇತ್ತು ಆಗ.

"ಹಾಗಾದ್ರೆ ಇದೇ ಒಳ್ಳೇದಾ?" ತಮ್ಮ ಕೇಳಿದ.

"ಕೇಳೋಕೆ ಸ್ಲೇಟು. ಕುರ್ಚಿಗೆ ಇದು."

"ಇನ್ನೆಷ್ಟು ದಿನ ಕುರ್ಚಿ ಅಕ್ಕ? ನನ್ನ ಮಾತು ಒಪ್ಕೊಂಡ್ರೆ..."

ಹಾಡು ಜೋರು ಮಾಡಿದೆ. ಪಾಪ, ಎದ್ದು ಹೋದ.

ಫೆಬ್ರವರಿ 3, ಸೋಮವಾರ. ಮನೆ, ಬೆಳಿಗ್ಗೆ

ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಅವಳು ಮಾತಾಡುವುದು ಕಡಿಮೆ. ಇವತ್ತು ತಾನಾಗಿ ಬಾಯಿಬಿಟ್ಟಳು.

"ಅತ್ತಿಗೆ, ನಾನು ತಡೀತಿದ್ದೀನಿ ಅಂತ ನೀವು ಬೇಡ ಅಂತಿದ್ದೀರಾ?"

"ಛೇ, ಅಲ್ಲಮ್ಮ."

"ಕೊಡ್ಲಿ ಅತ್ತಿಗೆ. ಅದಕ್ಕೆ ನನ್ನದೇನೂ ಅಡ್ಡಿಯಿಲ್ಲ. ಆದ್ರೆ ಆ ಸ್ಕ್ಯಾನು... ಅವರಿಗೆ ಇದ್ರೆ, ಪುಟ್ಟಿಗೂ..."

ಚಾಕು ನಿಂತಿತು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಇಬ್ಬರ ಭಯವೂ ಒಂದೇ ಎಂದು ಗೊತ್ತಾಯಿತು. ಅಷ್ಟರಲ್ಲಿ ಪುಟ್ಟಿ ಶೂ ಕಾಣುತ್ತಿಲ್ಲ ಎಂದು ಅರಚಿಕೊಂಡಳು.

ಫೆಬ್ರವರಿ 14, ಶುಕ್ರವಾರ

ಈಗ ಒಂದೇ ಕೈಯಲ್ಲಿ ಎಲ್ಲ ಬರುತ್ತದೆ. ಮನೆಯಲ್ಲೂ ಹಾಗೇ. ಬಾಟಲಿ ಮುಚ್ಚಳ ಬಲಗೈಯಲ್ಲೇ, ಶರ್ಟ್ ಮಡಚುವುದು ಬಲಗೈಯಲ್ಲೇ. ಎಡಗೈ ಎಂಬುದೊಂದು ಇದೆ ಎಂದೇ ಮರೆಯುತ್ತದೆ. ತಮ್ಮನ ಹೆಂಡತಿ ನಗುತ್ತಾಳೆ.

ತಮ್ಮ ಗುಂಡಿ ಪ್ಲೇಯರ್‌ಗೆ ಒಂದು ಪಟ್ಟಿ ತಂದುಕೊಟ್ಟ. ಓಡುವವರು ತೋಳಿಗೆ ಕಟ್ಟಿಕೊಳ್ಳುತ್ತಾರಲ್ಲ, ಅದು. "ಮನೇಲಿ ಕೆಲಸ ಮಾಡ್ತಾ ಕೇಳು. ಕೈ ಖಾಲಿ ಇರತ್ತೆ."

ಫೆಬ್ರವರಿ 16, ಭಾನುವಾರ. ಸಂಜೆ

ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ. ಪಟ್ಟಿ ಕಟ್ಟಿಕೊಂಡು ಬಟ್ಟೆಗೆ ಇಸ್ತ್ರಿ ಮಾಡಿದೆ, ಹಾಡು ಕೇಳುತ್ತ ಹಾಗೇ ಒರಗಿದೆ. ಎದ್ದಾಗ ದೀಪ ಹಚ್ಚುವ ಹೊತ್ತು. ಹಾಡು ಇನ್ನೂ ಓಡುತ್ತಿತ್ತು. ಈ ಗುಂಡಿಯ ಬ್ಯಾಟರಿಗೆ ನೂರಕ್ಕೆ ನೂರು.

ಫೆಬ್ರವರಿ 17, ಸೋಮವಾರ. ಬೆಳಿಗ್ಗೆ

ಸದ್ದಿಲ್ಲ.

ಮತ್ತೆ ಇಟ್ಟೆ. ಇಲ್ಲ. ಬೆರಳಿಗೂ ಏನೂ ಸಿಗುತ್ತಿಲ್ಲ. ಫ್ಯಾನ್ ಆಫ್ ಮಾಡಿದೆ. ಪುಟ್ಟಿಯನ್ನು ಎಬ್ಬಿಸಿ ಅವಳ ಕಿವಿಗೆ ಇಟ್ಟೆ.

"ಬೆಕ್ಕು ಮಲಗಿದೆ ಅತ್ತೆ."

ಫೆಬ್ರವರಿ 22, ಶನಿವಾರ

ರಕ್ತ ಹೆಪ್ಪುಗಟ್ಟಿದೆ. ಕರಗಿಸಲು ನೋಡಿದರು, ಆಗಲಿಲ್ಲ. ಆ ಫಿಸ್ಟುಲಾ ಮುಗಿಯಿತು. ಕುತ್ತಿಗೆಗೆ ತೂತು ಮಾಡಿ ಕೊಳವೆ ಹಾಕಿದ್ದಾರೆ, ಸದ್ಯಕ್ಕೆ ಅದರಿಂದಲೇ ಡಯಾಲಿಸಿಸ್. ಸೋಂಕಾದರೆ ಕಥೆ ಮುಗಿದಂತೆ ಎಂದು ಡಾಕ್ಟರು ಮುಖ ನೋಡದೆ ಹೇಳಿದರು. ಮೊಣಕೈ ಮೇಲೆ ಇನ್ನೊಂದು ಹೊಲಿಯುತ್ತಾರೆ. ಅದು ಬಲಿಯಲು ತಿಂಗಳುಗಳು ಬೇಕು. ಬಲಿಯುತ್ತದೋ ಇಲ್ಲವೋ ಅದೂ ಗ್ಯಾರಂಟಿ ಇಲ್ಲ.

"ಆ ಕೈಗೆ ಏನಾದ್ರೂ ಬಿಗಿಯಾಗಿ ಕಟ್ಟಿದ್ರಾ?" ಸಿಸ್ಟರ್ ಕೇಳಿದ್ದು. ಮೊದಲು ಇಲ್ಲ ಎಂದೆ. ಹೇಳಿದ ಮೇಲೆ ನೆನಪಾಯಿತು. ಭಾನುವಾರ. ಪಟ್ಟಿ. ಎಡತೋಳು.

ಬಲತೋಳಿಗೆ ಕಟ್ಟಿದ್ದರೆ ಬಲಗೈಯಲ್ಲಿ ಗುಂಡಿ ಒತ್ತಲಾಗದು. ಅದಕ್ಕೇ ಎಡಕ್ಕೆ. ಎಡಗೈಯಲ್ಲೂ ಒತ್ತಬಹುದಲ್ಲ ಎಂದು ಹೊಳೆಯಲೇ ಇಲ್ಲ ನನಗೆ. ಮನೆಯಲ್ಲಿ ಅದೇನು ಸೂಜಿ ಚುಚ್ಚಿಸಿಕೊಂಡು ಕೂತಿತ್ತೇ? ಕುರ್ಚಿಯ ಅಭ್ಯಾಸ ಮನೆಗೆ ತಂದೆ. ಬಳೆ ಬೇಡ, ವಾಚ್ ಬೇಡ ಎಂದು ಮಹಾರಾಣಿಯ ಹಾಗೆ ಕಾಪಾಡಿದ ಕೈಯನ್ನು ನಾನೇ ಬಿಗಿದು ಕಟ್ಟಿ, ಮೇಲೆ ಮಲಗಿ, ಹಾಡು ಕೇಳಿದೆ. ಎಂಥ ದಡ್ಡಿ ನಾನು. ಎಂಥ ದಡ್ಡಿ.

ತಮ್ಮ ವಾರ್ಡಿನ ಹೊರಗೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ.

"ಪಟ್ಟಿ ತಂದಿದ್ದು ನಾನು."

"ಕಟ್ಟಿದ್ದು ನಾನು ಕಣೋ."

"ಗೊತ್ತಿತ್ತು ಅಕ್ಕ ನಂಗೆ, ಆ ಕೈಗೆ ಏನೂ ಕಟ್ಟಬಾರ್ದು ಅಂತ. ಕೊಡುವಾಗ ಒಂದು ಮಾತು ಹೇಳ್ಬೇಕಿತ್ತು."

"ನಂಗೆ ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಬಾ, ಅಳಬೇಡ. ಜನ ನೋಡ್ತಾರೆ."

ಅತ್ತ. ಅಪ್ಪ ಹೋದಾಗ ಅತ್ತಿದ್ದ, ಆಮೇಲೆ ಇವತ್ತೇ ನೋಡಿದ್ದು. ಚೀಲಕ್ಕೆ ಸ್ಲೇಟು, ಕ್ಲಿಪ್ಪು, ಇಟ್ಟಿಗೆ, ಗುಂಡಿ, ಆ ಮೋಟು ವಯರು, ಎಲ್ಲ ತುಂಬಿಕೊಂಡು ಹೋದ.

ಮಾರ್ಚ್ 5, ಬುಧವಾರ

ಮೊಣಕೈ ಮೇಲೆ ಹೊಲಿಗೆ ಆಯಿತು. ಬ್ಯಾಂಡೇಜಿನ ಒಳಗೆ ಏನೋ ಸಣ್ಣಗೆ ಗುಂಯ್ ಎನ್ನುತ್ತದೆ. ನಿಜವೋ ನನ್ನ ಆಸೆಯೋ ತಿಳಿಯದು.

ಕುತ್ತಿಗೆಯ ಕೊಳವೆಯಿಂದ ಒಂದು ಲಾಭ. ಎರಡೂ ಕೈ ಖಾಲಿ. ಈಗ ಸ್ಲೇಟನ್ನೂ ಹಿಡಿಯಬಹುದು, ಇಟ್ಟಿಗೆಯನ್ನೂ ಹಿಡಿಯಬಹುದು. ಕೇಳುವ ಮನಸ್ಸೇ ಇಲ್ಲ.

ತಮ್ಮ ಈಗ ಬೆಳಿಗ್ಗೆ ಬರುವುದಿಲ್ಲ. ಹೋಲ್‌ಸೇಲ್‌ನವರ ಹತ್ತಿರ ಕೆಲಸವಿದೆಯಂತೆ. ಹತ್ತು ದಿನದಿಂದ ಅದೇ ಹೋಲ್‌ಸೇಲು.

ಮಾರ್ಚ್ 21, ಶುಕ್ರವಾರ

ಬರೆಯಲು ಕೈ ಓಡುತ್ತಿಲ್ಲ. ಆದರೂ ಬರೆಯುತ್ತೇನೆ.

ತಮ್ಮ ಇವತ್ತು ಬಂದ. ಬಡಗಿ ಯಜಮಾನರದು ಬೇಗ ಮುಗಿದು ಅವರು ಎದ್ದು ಹೋಗಿದ್ದರು. ಆ ಖಾಲಿ ಕುರ್ಚಿಯಲ್ಲಿ ಕೂತ. ಜೇಬಿನಿಂದ ಗುಂಡಿ ಪ್ಲೇಯರ್ ತೆಗೆದ. ನನಗೆ ಕೊಡುತ್ತಾನೆ ಎಂದುಕೊಂಡೆ. ಕೊಡಲಿಲ್ಲ.

ಎಡಗೈ ಕುರ್ಚಿಯ ಹಿಡಿಯ ಮೇಲೆ ಇಟ್ಟ. ಅಂಗೈ ಮೇಲೆ ಮಾಡಿ. ಬೆರಳು ಕೂಡ ಅಲ್ಲಾಡಿಸಲಿಲ್ಲ. ಕಣ್ಣು ಮುಚ್ಚಿದ. ಬಲಗೈ ಹೆಬ್ಬೆರಳಿನಿಂದ ಚುಕ್ಕೆಯ ಗುಂಡಿ ಹುಡುಕಿದ.

"ಸೌಂಡ್ ಕಮ್ಮಿ ಮಾಡೋಕೆ ಕೆಳಗಿಂದಾ ಅಕ್ಕ, ಪಕ್ಕದ್ದಾ?"

ಅವನು ಯಾಕೆ ಹಾಗೆ ಕೂತಿದ್ದಾನೆ ಎಂದು ಹೇಳಬೇಕಾಗಿರಲಿಲ್ಲ. ನಾನು ಕೂರುವ ಹಾಗೆಯೇ ಕೂತಿದ್ದ.

"ಮಾಡಿಸಿದ್ಯಾ?" ಎಂದೆ.

"ಹೂಂ. ಹೋಲ್‌ಸೇಲು ಅಂದಿದ್ದು ಸುಳ್ಳು, ಆಸ್ಪತ್ರೆಗೆ ಓಡಾಡ್ತಿದ್ದೆ. ಹೋದ ವಾರ ಸ್ಕ್ಯಾನ್ ಆಯ್ತು. ಇದೆ ಅಕ್ಕ. ಎರಡರಲ್ಲೂ ಇದೆ."

ಕಣ್ಣು ತೆರೆಯಲಿಲ್ಲ ಅವನು.

"ಸಣ್ಣ ಸಣ್ಣವು ಅಂತ ಹೇಳಿದ್ರು. ಈಗ ಚೆನ್ನಾಗೇ ಕೆಲಸ ಮಾಡ್ತಿವೆಯಂತೆ. ಬಿ.ಪಿ. ನೋಡ್ಕೊಂಡು, ಉಪ್ಪು ಕಮ್ಮಿ ಮಾಡಿದ್ರೆ ಹತ್ತು ಹದಿನೈದು ವರ್ಷ ಏನೂ ಆಗ್ದೇ ಇರಬಹುದು. ಇನ್ನೂ ಜಾಸ್ತಿನೂ ಇರಬಹುದು. ಆದ್ರೆ ಕೊಡೋಕಾಗಲ್ಲ."

"ಯಾಕೋ ಮಾಡಿಸ್ದೆ? ಯಾರು ಕೇಳಿದ್ರು ನಿನ್ನ?" ಕೂಗಿಬಿಟ್ಟೆ. ಸಿಸ್ಟರ್ ತಿರುಗಿ ನೋಡಿದರು.

"ಕೈ ಹಾಳಾಗಿದ್ದು ನನ್ನಿಂದ. ಬದಲಿಗೆ ಒಂದು ಕಿಡ್ನಿನಾದ್ರೂ ಕೊಡೋಣ ಅಂತ ಹೋದೆ." ನಕ್ಕ. "ನೋಡು, ಅಂಗಡೀಲಿ ಮಾಲೇ ಸರಿಯಿಲ್ಲ."

ನಾನು ನಗಲಿಲ್ಲ. ಹೊಡೆಯಬೇಕೆನ್ನಿಸಿತು. ಎರಡು ಕೈ ಖಾಲಿ ಇದ್ದವು, ಎರಡರಿಂದಲೂ ಅವನ ತಲೆ ಎಳೆದುಕೊಂಡು ಎದೆಗೆ ಒತ್ತಿಕೊಂಡೆ. ಕುತ್ತಿಗೆಯ ಕೊಳವೆ ಎಳೆಯಿತು, ಎಳೆದರೆ ಎಳೆಯಲಿ. ಚಿಕ್ಕವನಿದ್ದಾಗ ಇವನನ್ನು ಸೊಂಟದ ಮೇಲೆ ಹೊತ್ತು ಊರೆಲ್ಲ ತಿರುಗಿದವಳು ನಾನು. ಇವನಿಗೆ ಜ್ವರ ಬಂದರೆ ನಾನು ಊಟ ಬಿಡುತ್ತಿದ್ದೆ. ಇದೊಂದನ್ನು ಇವನಿಂದ ದೂರ ಇಡಲು ಇಷ್ಟು ದಿನ ಬೇಡ ಬೇಡ ಎಂದು ಕೂಗಿದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡೆ. ಅದು ಅವನೊಳಗೇ ಕೂತಿತ್ತು.

ಏಪ್ರಿಲ್ 11, ಶುಕ್ರವಾರ

ತಮ್ಮನ ಹೆಂಡತಿ ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದ್ದಾಳೆ. ಬಿ.ಪಿ. ಮಿಷಿನ್ ಕೊಂಡಿದ್ದಾಳೆ. ಬೆಳಿಗ್ಗೆ ಎದ್ದರೆ ಗಂಡನ ತೋಳು ಹಿಡಿದು ಕೂರಿಸುತ್ತಾಳೆ. ಮಾತು ಕಡಿಮೆ, ಕೆಲಸ ಜಾಸ್ತಿ.

"ಗೊತ್ತಾಗಿದ್ದು ಒಳ್ಳೇದೇ ಆಯ್ತು ಅತ್ತಿಗೆ," ಎಂದಳು. "ನಿಮಗೆ ಗೊತ್ತಾಗೋ ಹೊತ್ತಿಗೆ ಎಲ್ಲ ಮುಗಿದಿತ್ತು. ಇವರಿಗೆ ಟೈಮ್ ಸಿಕ್ಕಿದೆಯಲ್ಲ."

ಪುಟ್ಟಿಗೆ?

"ಈಗ ಬೇಡ ಅಂದಿದ್ದಾರೆ ಡಾಕ್ಟರು. ದೊಡ್ಡವಳಾಗ್ಲಿ." ಅಷ್ಟು ಹೇಳಿ ಸಿಂಕಿನ ನಲ್ಲಿ ಜೋರಾಗಿ ಬಿಟ್ಟಳು. ನಲ್ಲಿಯ ಸದ್ದಿನಲ್ಲಿ ಅತ್ತಳೋ ಏನೋ. ನಾನು ನೋಡಲು ಹೋಗಲಿಲ್ಲ.

ಅವಳು ಹೇಳಿದ್ದು ಸರಿಯೇ. ನನ್ನ ಮನಸ್ಸು ಮಾತ್ರ ಒಪ್ಪುತ್ತಿಲ್ಲ. ಗೊತ್ತಿಲ್ಲದ ತಮ್ಮನೇ ನನಗೆ ಬೇಕಿತ್ತು.

ಹೊಸ ಕೈಯ ಸದ್ದು ದಿನದಿನಕ್ಕೆ ದಪ್ಪವಾಗುತ್ತಿದೆ. ಪುಟ್ಟಿ ಕಿವಿಯಿಟ್ಟು, "ಇದು ಬೇರೆ ಬೆಕ್ಕು. ಗಂಡು ಬೆಕ್ಕು" ಎಂದಳು. ನಗು ಬಂತು. ಬಹಳ ದಿನದ ಮೇಲೆ.

ಮೇ 12, ಸೋಮವಾರ

ಹೊಸ ಕೈಗೆ ಮೊದಲ ಸೂಜಿ. ಮೂರನೇ ಸಲಕ್ಕೆ ಸಿಕ್ಕಿತು. ಕೊಳವೆಯಲ್ಲಿ ಕೆಂಪು ಓಡಿತು. ಬಡಗಿ ಯಜಮಾನರು ಪಕ್ಕದಿಂದ, "ಹೊಸ ಮರ. ಒಗ್ಗೋವರ್ಗೂ ಮೊಳೆ ಮೆಲ್ಲಗೆ ಹೊಡೀರಿ" ಎಂದರು. ಸಿಸ್ಟರ್ ಅವರನ್ನೇ ಗದರಿಸಿದರು.

ಎಡಗೈ ಮತ್ತೆ ನನ್ನದಲ್ಲ. ಬಲಗೈಗೆ ಪೆನ್ನು. ಇಷ್ಟು ಸಂತೋಷ ಇದರಲ್ಲಿದೆ ಎಂದು ಯಾರಿಗೆ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ತಮ್ಮ ಬಂದ. ಸ್ಟೂಲ್ ಎಳೆದುಕೊಂಡು ಕೂತ. ಚೀಲದಿಂದ ಎರಡು ಡಬ್ಬಿ ತೆಗೆದ. ಎರಡೂ ಗುಂಡಿಯೇ. ಒಂದೇ ಮಾಡೆಲ್ಲು.

"ಇದನ್ನ ಮಾಡೋದು ನಿಲ್ಲಿಸಿಬಿಟ್ರಂತೆ. ಹೋಲ್‌ಸೇಲ್‌ನಲ್ಲಿ ಕೊನೇ ಎರಡು ಉಳಿದಿತ್ತು. ಒಂದು ನಿಂಗೆ."

ಈ ಸಲ ಹೋಲ್‌ಸೇಲು ನಿಜ.

"ಇನ್ನೊಂದು?"

"ಇರ್ಲಿ. ಎತ್ತಿಡ್ತೀನಿ." ಡಬ್ಬಿಯ ಪ್ಲಾಸ್ಟಿಕ್ ಕೂಡ ಒಡೆದಿರಲಿಲ್ಲ. ಬೆರಳಿನಿಂದ ಅದರ ಅಂಚು ಸವರುತ್ತಿದ್ದ. "ಮುಂದಕ್ಕೆ ಬೇಕಾದಾಗ ಸಿಗಲ್ಲ ನೋಡು. ಕುರ್ಚಿಗೆ ಇದೇ ಸರಿ ಅಂತ ನೀನೇ ಹೇಳಿದ್ಯಲ್ಲ."

ನಾನು ನಾಲ್ಕು ಪ್ಲೇಯರ್ ಕೇಳಿ, ತೂಗಿ, ಅಳೆದು, ತೀರ್ಪು ಕೊಟ್ಟದ್ದು ಇವನಿಗಾಗಿಯೇ ಎಂಬಂತಾಯಿತಲ್ಲ. ಅವನ ಕುರ್ಚಿಗೆ ಬೇಕಾದದ್ದನ್ನು ನಾನೇ ಆರಿಸಿಕೊಟ್ಟೆ. ಹತ್ತು ವರ್ಷವೋ ಹದಿನೈದೋ, ಆ ಡಬ್ಬಿ ಅಂಗಡಿಯ ಕಪಾಟಿನಲ್ಲಿ ಕಾಯುತ್ತ ಕೂರುತ್ತದೆ. ಇವನು ದಿನವೂ ಶಟರ್ ಎತ್ತಿದಾಗ ಅದನ್ನು ನೋಡುತ್ತಾನೆ.

ಸಿಟ್ಟು ಬಂತು. ಒಳ್ಳೆಯ ಸಿಟ್ಟು.

"ಹತ್ತು ವರ್ಷ ಡಬ್ಬೀಲಿಟ್ರೆ ಬ್ಯಾಟರಿ ಊದ್ಕೊಂಡು ಸಾಯತ್ತೆ. ಅಂಗಡಿ ಇಟ್ಟಿರೋನಿಗೆ ನಾನು ಹೇಳ್ಬೇಕಾ?"

"ಅದು ಸರಿ, ಆದ್ರೆ..."

"ಬಿಚ್ಚು."

"ಅಕ್ಕ..."

"ಬಿಚ್ಚೋ ಅಂದ್ರೆ. ಈಗ್ಲೇ. ಅದು ಕುರ್ಚಿಗೆ ಅಲ್ಲ. ನಿಂಗೆ."

ಬಿಚ್ಚಿದ. ಪ್ಲಾಸ್ಟಿಕ್ ಚರಚರ ಎಂದಿತು. ಬಡಗಿ ಯಜಮಾನರು ಒಂದು ಕಣ್ಣು ತೆರೆದು ನೋಡಿ ಮುಚ್ಚಿದರು. ನನ್ನ ಹಳೆಯ ಹಾಡುಗಳ ಕಾರ್ಡನ್ನು ಅದಕ್ಕೆ ಹಾಕಿದ. ಜೇಬು ತಡಕಿ ಮೋಟು ವಯರು ತೆಗೆದ. ಎಸೆದಿರಲಿಲ್ಲ ಪುಣ್ಯಾತ್ಮ. ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ಅವನ ಕಿವಿಗೆ. ವಯರು ಗಿಡ್ಡ, ತಲೆಗೆ ತಲೆ ತಾಗಿಸಿ ಕೂರಬೇಕಾಯಿತು.

ಅಮ್ಮ ರೇಡಿಯೋ ಜೊತೆ ಗುನುಗುತ್ತಿದ್ದ ಹಾಡು. ಅವನಿಗೂ ಪೂರ್ತಿ, ನನಗೂ ಪೂರ್ತಿ. ದನಿ, ತಬಲಾ, ಕೊಳಲು. ಯಾರ ಪಾಲೂ ಕಡಿಮೆಯಾಗಲಿಲ್ಲ.

ಓರೆಗಣ್ಣಿನಲ್ಲಿ ನೋಡಿದೆ. ಅವನ ಎಡಗೈ ಮತ್ತೆ ಹಾಗೇ. ತೊಡೆಯ ಮೇಲೆ, ಅಂಗೈ ಮೇಲೆ ಮಾಡಿ, ಅಲ್ಲಾಡದೆ. ಆವತ್ತಿನಿಂದ ಮನೆಯಲ್ಲೂ ಹೀಗೇ ಕೂರುತ್ತಾನೆ, ಅವನಿಗೇ ಗೊತ್ತಿಲ್ಲ.

"ಆ ಕೈ ಎತ್ತು," ಎಂದೆ. "ಅದು ಇನ್ನೂ ನಿಂದು. ತಾಳ ಹಾಕು."

ಎಡಗೈ ಮಗುಚಿತು. ಮಂಡಿಯ ಮೇಲೆ ಮೆಲ್ಲಗೆ ಬಿತ್ತು. ಎದ್ದಿತು. ಬಿತ್ತು. ತಾಳ ತಪ್ಪುತ್ತಾನೆ, ಮೊದಲಿನಿಂದಲೂ ತಪ್ಪುತ್ತಾನೆ. ತಪ್ಪಲಿ.

ಈಗಲೂ ಹಾಕುತ್ತಿದ್ದಾನೆ. ನಾನು ಬರೆಯುತ್ತಿದ್ದೇನೆ. ಹಾಡು ಮುಗಿದರೆ ಅದನ್ನೇ ಮತ್ತೆ ಹಾಕು ಎಂದಿದ್ದೇನೆ. ಸಿಸ್ಟರ್ ಗ್ಲೌಸ್ ಹಾಕಿಕೊಳ್ಳುತ್ತಿದ್ದಾರೆ. ಸೂಜಿ ತೆಗೆಯುತ್ತಾರೆ, ಒತ್ತಿ ಹಿಡಿಯಬೇಕು. ಬಲಗೈ ಬೇಕು. ತಮ್ಮ ಹೇಳುತ್ತಿದ್ದಾನೆ, "ಬಿಡು ಅಕ್ಕ, ಇವತ್ತು ನಾನು ಒತ್ತಿ ಹಿಡೀತೀನಿ, ನೀನು ಬರಿ" ಎಂದು. ಎರಡೂ ಕೈ ಚಾಚಿದ್ದಾನೆ. ಬರೆಯಲು ಇನ್ನೇನು —